ಎಳೆ ಮೂಳೆಯನ್ನು ಎಳೆಯಬೇಡಿ

ಮನೆಯಲ್ಲಿ ಪುಟ್ಟ ಮಕ್ಕಳಿರುವವರೆಲ್ಲ ಈ ಆಟವನ್ನು ಆಡಿಯೇ ಇರುತ್ತೀರಿ. ಒಂದು ಕೈ ಅಪ್ಪ ಹಿಡಿಯುವುದು, ಇನ್ನೊಂದು ಕೈ ಅಮ್ಮ ಹಿಡಿಯುವುದು. "ಒಂದು, ಎರಡು, ಮೂರೂ!" ಎಂದು ಮಗುವನ್ನು ನೆಲದಿಂದ ಮೇಲಕ್ಕೆ ತೂಗುವುದು. ಮಗು ಕಿಲಕಿಲ ನಗುತ್ತದೆ, "ಇನ್ನೊಂದ್ ಸಲ" ಅನ್ನುತ್ತದೆ. ಹೋದ ತಿಂಗಳು ಒಂದು ಶನಿವಾರ ಪಾರ್ಕಿನಿಂದ ಮನೆಗೆ ಬರುವಾಗ ನಾವೂ ಅದನ್ನೇ ಆಡುತ್ತಿದ್ದೆವು. ನಾಲ್ಕನೆಯ ಸಲವೋ ಐದನೆಯ ಸಲವೋ, ಎರಡೂವರೆ ವರ್ಷದ ನನ್ನ ಮಗಳು ನಗುವ ಬದಲು ಚೀರಿದಳು.

ಮನೆಗೆ ಬಂದ ಮೇಲೆ ಅಳು ನಿಂತಿತು. ಆದರೆ ಎಡಗೈಯನ್ನು ಸ್ವಲ್ಪ ಮಡಚಿ ಮೈಗೆ ಅಂಟಿಸಿಕೊಂಡು ಕೂತುಬಿಟ್ಟಳು. ಊತವಿಲ್ಲ, ಕೆಂಪಾಗಿಲ್ಲ, ಗಾಯವಂತೂ ಇಲ್ಲವೇ ಇಲ್ಲ. ಎಡಗೈ ಹತ್ತಿರ ಬಿಸ್ಕತ್ತು ಹಿಡಿದರೆ ಬಲಗೈ ಚಾಚುತ್ತಾಳೆ. ಎಡಗೈ ಮುಟ್ಟಲು ಹೋದರೆ ಮತ್ತೆ ಅಳು. ಅಷ್ಟರಲ್ಲಿ ಹಾಸನದಿಂದ ಅಮ್ಮನ ವಿಡಿಯೋ ಕಾಲ್ ಬಂತು. ಮೊಮ್ಮಗಳನ್ನು ನೋಡಿದವಳೇ, "ಕೈ ಹಿಡಿದು ಎತ್ತಿದ್ರಾ? ಎಳೆ ಮೂಳೆ ಕಣೇ ಅದು, ಎಳೀಬೇಡಿ ಅಂತ ಎಷ್ಟು ಸಲ ಬಡ್ಕೊಂಡಿದ್ದೀನಿ!" ಎಂದಳು.

ನಿಮ್ಮ ಹತ್ತಿರ ಒಂದು ಮಾತು ಒಪ್ಪಿಕೊಳ್ಳಬೇಕು. ನಾನು ಡಾಕ್ಟರೇಟ್ ಮಾಡಿದ್ದು ಮೂಳೆಯ ಜೀವಕೋಶಗಳ ಮೇಲೆ. ಇಲ್ಲಿ ಇಂಗ್ಲೆಂಡಿನ ಲ್ಯಾಬಿನಲ್ಲಿ ದಿನವಿಡೀ ಗಾಜಿನ ತಟ್ಟೆಗಳಲ್ಲಿ ಆ ಕೋಶಗಳನ್ನೇ ಬೆಳೆಸುತ್ತೇನೆ. ಆದರೂ ಆ ಸಂಜೆ ನನ್ನ ಮಗಳ ಮೊಣಕೈಯಲ್ಲಿ ಏನಾಗಿದೆ ಎಂಬುದು ನನಗೆ ಹೊಳೆಯಲಿಲ್ಲ. ಹೈಸ್ಕೂಲು ದಾಟದ ನನ್ನ ಅಮ್ಮನಿಗೆ ಹೊಳೆಯಿತು. ಅದಕ್ಕೇ ಈ ತಿಂಗಳ ಅಂಕಣವನ್ನು ನಮ್ಮ ಮಕ್ಕಳ ಅಸ್ಥಿಪಂಜರಕ್ಕೂ ಅದರ ಕೀಲುಗಳಿಗೂ ಮೀಸಲಿಟ್ಟಿದ್ದೇನೆ.

ಮೊಣಕೈಯೊಳಗಿನ ಬಳೆ

ತುರ್ತು ಚಿಕಿತ್ಸಾ ವಿಭಾಗದ ವೈದ್ಯೆ ಕೇಳಿದ್ದೂ ಅದೇ ಪ್ರಶ್ನೆ: "ಕೈ ಹಿಡಿದು ಎಳೆದಿರಾ?" ನಾವಿಬ್ಬರೂ ತಲೆ ತಗ್ಗಿಸಿದೆವು. ಆಕೆ ಮಗಳ ಮೊಣಕೈಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಅಂಗೈಯನ್ನು ಮೇಲಕ್ಕೆ ತಿರುಗಿಸಿ, ಮೊಣಕೈ ಮಡಚಿದರು. ಸಣ್ಣದಾಗಿ 'ಟಕ್' ಎಂದಿತು. ಮಗಳು ಒಮ್ಮೆ ಕಿರುಚಿದಳು, ಅಷ್ಟೇ. ಹತ್ತು ನಿಮಿಷದ ನಂತರ ನರ್ಸ್ ಕೊಟ್ಟ ಸ್ಟಿಕ್ಕರನ್ನು ಎಡಗೈಯಲ್ಲೇ ಕಿತ್ತುಕೊಂಡಳು.

ಏನಾಗಿತ್ತು ಅಂದರೆ, ತೋಳಿನ ಮೇಲ್ಭಾಗದಲ್ಲಿ ಒಂದೇ ಮೂಳೆ, ಮೊಣಕೈಯಿಂದ ಮಣಿಕಟ್ಟಿನವರೆಗೆ ಎರಡು. ಈ ಎರಡರಲ್ಲಿ ಹೆಬ್ಬೆರಳಿನ ಕಡೆಯದಕ್ಕೆ ರೇಡಿಯಸ್ ಎಂದು ಹೆಸರು. ಮೊಣಕೈ ಹತ್ತಿರ ಅದರ ತಲೆ ದುಂಡು ಬಿಲ್ಲೆಯಂತಿರುತ್ತದೆ. ಆ ತಲೆಯ ಸುತ್ತ ಗಟ್ಟಿ ನಾರಿನ ಒಂದು ಪಟ್ಟಿ ಬಳೆಯ ಹಾಗೆ ಸುತ್ತಿಕೊಂಡು ಅದನ್ನು ಪಕ್ಕದ ಮೂಳೆಗೆ ಬಿಗಿದಿರುತ್ತದೆ. ಮೂಳೆಯಿಂದ ಮೂಳೆಗೆ ಕಟ್ಟುವ ಇಂಥ ನಾರಿಗೆ ಲಿಗಮೆಂಟ್ ಅನ್ನುತ್ತಾರೆ. ದೊಡ್ಡವರಲ್ಲಿ ಈ ಬಳೆ ಬಿಗಿ. ಸುಮಾರು ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಸಡಿಲ. ಕೈಯನ್ನು ನೇರವಾಗಿ ಜಗ್ಗಿದಾಗ ಬಳೆ ಜಾರಿ ಮೂಳೆಯ ತಲೆಯ ಮೇಲೆ ಬಂದು ಕೀಲಿನ ನಡುವೆ ಸಿಕ್ಕಿಕೊಳ್ಳುತ್ತದೆ. ಐದು ವರ್ಷ ದಾಟುವ ಹೊತ್ತಿಗೆ ಪಟ್ಟಿ ದಪ್ಪವಾಗುತ್ತದೆ, ಈ ತೊಂದರೆ ಬಹಳ ಅಪರೂಪವಾಗುತ್ತದೆ.

ಮಕ್ಕಳ ವೈದ್ಯರಿಗೆ ಇದು ತುಂಬ ಪರಿಚಿತ. ರಸ್ತೆ ದಾಟುವಾಗ ಮಗುವನ್ನು ಗಬಕ್ಕನೆ ಎಳೆದಾಗ, ಹಟ ಮಾಡಿ ನೆಲಕ್ಕೆ ಕುಸಿದ ಮಗುವನ್ನು ಮುಂಗೈ ಹಿಡಿದು ಎಬ್ಬಿಸಿದಾಗ, ಬಿಗಿಯಾದ ಜಾಕೆಟ್ಟಿನ ತೋಳಿನಿಂದ ಕೈ ಹೊರಗೆಳೆಯುವಾಗ ಕೂಡ ಆಗಬಹುದು. ಸರಿಪಡಿಸುವುದು ಸುಲಭವೆಂದು ನೀವೇ ಕೈ ಹಾಕಬೇಡಿ. ಮೂಳೆ ಬಿರುಕು ಬಿಟ್ಟಾಗಲೂ ಮಗು ಹೀಗೆಯೇ ಕೈ ಹಿಡಿದುಕೊಂಡು ಕೂರಬಹುದು. ಯಾವುದು ಏನೆಂದು ನೋಡಿ ಹೇಳಬೇಕಾದವರು ವೈದ್ಯರು. ಊರಿನ ಅಭ್ಯಾಸದಂತೆ ಎಣ್ಣೆ ಹಚ್ಚಿ ನೀವುವುದೂ ಬೇಡ.

ಯಾರಿಗೆ ಹೆಚ್ಚು ಮೂಳೆ?

ಆಸ್ಪತ್ರೆಯಿಂದ ಬರುವಾಗ ಕಾರಿನ ಹಿಂದಿನ ಸೀಟಿನಿಂದ ಎಂಟು ವರ್ಷದ ಮಗ ಕೇಳಿದ, "ಅಮ್ಮ, ಪುಟ್ಟಿ ಚಿಕ್ಕವಳಲ್ವಾ, ಅವಳಿಗೆ ನಮಗಿಂತ ಕಮ್ಮಿ ಮೂಳೆ ಇರುತ್ತಾ?"

ಇದನ್ನು ನಿಮ್ಮ ಮಕ್ಕಳಿಗೂ ಕೇಳಿ ನೋಡಿ. ಬಹಳ ಮಕ್ಕಳು 'ಹೌದು' ಅನ್ನುತ್ತಾರೆ. ಉತ್ತರ ತದ್ವಿರುದ್ಧ. ಹುಟ್ಟಿದ ಮಗುವಿನಲ್ಲಿ ಸುಮಾರು 270ರಿಂದ 300 ಮೂಳೆಗಳು. ಪೂರ್ತಿ ಬೆಳೆದ ಮನುಷ್ಯನಲ್ಲಿ 206. ಉಳಿದವು ಎಲ್ಲಿಗೂ ಹೋಗುವುದಿಲ್ಲ, ಒಂದಕ್ಕೊಂದು ಬೆಸೆದುಕೊಳ್ಳುತ್ತವೆ.

ಮಗುವಿನ ನೆತ್ತಿಯನ್ನು ನೆನಪಿಸಿಕೊಳ್ಳಿ. ಅಜ್ಜಿಯರು ಎಣ್ಣೆ ಹಚ್ಚುವಾಗ ಎಷ್ಟು ಜೋಪಾನ ಮಾಡುತ್ತಿದ್ದ, ಮೆಲ್ಲಗೆ ಮಿಡಿಯುತ್ತಿದ್ದ ಆ ಮೆತ್ತನೆಯ ಜಾಗ ತಲೆಬುರುಡೆಯ ಮೂಳೆಗಳ ನಡುವೆ ಉಳಿದ ಸಂದು. ಹೆರಿಗೆಯ ಸಮಯದಲ್ಲಿ ತಲೆ ಸ್ವಲ್ಪ ಕಿರಿದಾಗಿ ಹೊರಬರಲಿ, ಆಮೇಲೆ ಮಿದುಳು ಬೆಳೆಯಲು ಜಾಗವಿರಲಿ ಎಂದು ಮೂಳೆಗಳು ಬಿಡಿಬಿಡಿಯಾಗಿ ಇರುತ್ತವೆ. ತಲೆಯ ಹಿಂಭಾಗದ ಸಣ್ಣ ಸಂದು ಎರಡು ಮೂರು ತಿಂಗಳಲ್ಲಿ ಮುಚ್ಚುತ್ತದೆ. ಮುಂದಿನ ದೊಡ್ಡ ಸಂದು ಸಾಮಾನ್ಯವಾಗಿ ಒಂದೂವರೆ ವರ್ಷದ ಆಸುಪಾಸಿಗೆ ಮುಚ್ಚುತ್ತದೆ.

ಬೆನ್ನಿನ ಕತೆಯೂ ಹೀಗೆಯೇ. ಮಗುವಿನ ಬೆನ್ನುಮೂಳೆಯಲ್ಲಿ 33 ಮಣಿಗಳು. ಸೊಂಟದ ಕೆಳಗಿನ ಐದು ಸೇರಿ ಒಂದು, ಬಾಲದ ತುದಿಯ ಪುಟ್ಟ ನಾಲ್ಕು ಸೇರಿ ಇನ್ನೊಂದು. ಹಾಗಾಗಿ ದೊಡ್ಡವರಲ್ಲಿ 26. ಇಷ್ಟೇ ಅಲ್ಲ, ಕೆಲವು ಮೂಳೆಗಳು ಹುಟ್ಟುವಾಗ ಮೂಳೆಯಾಗಿಯೇ ಇರುವುದಿಲ್ಲ. ಹಸುಗೂಸಿನ ಮಂಡಿಚಿಪ್ಪು ಕಿವಿಯಂಥ ಮೃದು ಮೂಳೆಯದು, ಅಂದರೆ ಕಾರ್ಟಿಲೇಜಿನದು. ಅದು ಗಟ್ಟಿಯಾಗಲು ಶುರುವಾಗುವುದು ಮೂರರಿಂದ ಆರು ವರ್ಷದ ನಡುವೆ. ಅಂಬೆಗಾಲಿಡುವ ಮಗು ಗಟ್ಟಿ ನೆಲದ ಮೇಲೆ ಅಷ್ಟು ಹೊತ್ತು ಓಡಾಡಿದರೂ ಮಂಡಿ ನೋವೆನ್ನದಿರುವುದರಲ್ಲಿ ಈ ಮೆತ್ತೆಯ ಪಾಲೂ ಇದೆ. ಹಾಗೆಯೇ ನಮ್ಮ ಒಂದೊಂದು ಮಣಿಕಟ್ಟಿನಲ್ಲೂ ಎಂಟು ಚಿಕ್ಕ ಮೂಳೆಗಳಿವೆ. ಆಗ ತಾನೇ ಹುಟ್ಟಿದ ಮಗುವಿನ ಎಕ್ಸ್‌ರೇಯಲ್ಲಿ ಆ ಜಾಗ ಖಾಲಿ ಕಾಣುತ್ತದೆ. ವರ್ಷ ಕಳೆದಂತೆ ಒಂದೊಂದಾಗಿ ಮೂಡುತ್ತವೆ. ಮಗುವಿನ ಬೆಳವಣಿಗೆ ವಯಸ್ಸಿಗೆ ತಕ್ಕಂತಿದೆಯೇ ಎಂದು ನೋಡಲು ವೈದ್ಯರು ಎಡಗೈಯ ಎಕ್ಸ್‌ರೇ ತೆಗೆಸುವುದು ಇದಕ್ಕಾಗಿಯೇ.

206ರ ಲೆಕ್ಕವನ್ನು ಮಕ್ಕಳಿಗೆ ಹೀಗೆ ಹೇಳಿಕೊಡಿ. ದೇಹದ ನಡುಗಂಬ, ಅಂದರೆ ತಲೆಬುರುಡೆ, ಬೆನ್ನು, ಪಕ್ಕೆಲುಬು, ಎದೆಮೂಳೆ, ಕಿವಿಯೊಳಗಿನ ಪುಟಾಣಿ ಮೂಳೆಗಳೆಲ್ಲ ಸೇರಿ 80. ಕೈಕಾಲುಗಳು, ಅವುಗಳನ್ನು ನಡುಗಂಬಕ್ಕೆ ಜೋಡಿಸುವ ಭುಜ ಮತ್ತು ಸೊಂಟ ಸೇರಿ 126. ಇದರಲ್ಲಿ ಒಂದು ಸೋಜಿಗವಿದೆ. ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಒಂದು ಕೈಯಲ್ಲಿ 27 ಮೂಳೆ, ಒಂದು ಪಾದದಲ್ಲಿ 26. ಎರಡು ಕೈ, ಎರಡು ಪಾದ ಸೇರಿಸಿ ಕೂಡಿ ನೋಡಿ: 106. ನಮ್ಮ ಅರ್ಧಕ್ಕಿಂತ ಹೆಚ್ಚು ಮೂಳೆಗಳು ಅಂಗೈ ಮತ್ತು ಅಂಗಾಲಿನಲ್ಲೇ ಇವೆ. ಅತಿ ಉದ್ದದ್ದು ತೊಡೆಮೂಳೆ, ಅತಿ ಚಿಕ್ಕದ್ದು ಕಿವಿಯೊಳಗಿನದು, ಸುಮಾರು 3 ಮಿಲಿಮೀಟರ್.

ಒಣಗಿದ ಕೋಲಲ್ಲ, ಹಸಿ ಕಡ್ಡಿ

ಶಾಲೆಯ ಪ್ರಯೋಗಾಲಯದ ಮೂಲೆಯಲ್ಲಿ ತೂಗುಹಾಕಿದ ಅಸ್ಥಿಪಂಜರ ನೋಡಿ ಬೆಳೆದ ನಮಗೆ ಮೂಳೆ ಅಂದರೆ ಒಣಗಿದ, ಸತ್ತ ವಸ್ತು ಎಂಬ ಭಾವನೆ. ನಿಜವಾದ ಮೂಳೆಯಲ್ಲಿ ರಕ್ತ ಹರಿಯುತ್ತದೆ, ನರಗಳಿವೆ, ಒಳಗಿನ ಮಜ್ಜೆಯಲ್ಲಿ ಕ್ಷಣಕ್ಷಣಕ್ಕೂ ಲಕ್ಷಗಟ್ಟಲೆ ಕೆಂಪು ರಕ್ತಕಣಗಳು ತಯಾರಾಗುತ್ತಿವೆ.

ಮೂಳೆಯ ರಚನೆಯನ್ನು ನಾನು ಮಗನಿಗೆ ವಿವರಿಸಿದ್ದು ಊರಿನಲ್ಲಿ ತಾತ ಕಟ್ಟಿಸಿದ ಮನೆಯ ತಾರಸಿಯ ಮೂಲಕ. ಬರೀ ಸಿಮೆಂಟಿನ ತಾರಸಿ ಬಿರಿಯುತ್ತದೆ. ಬರೀ ಕಬ್ಬಿಣದ ಸರಳುಗಳಾದರೆ ಬಾಗುತ್ತವೆ. ಎರಡೂ ಸೇರಿದರೆ ಗಟ್ಟಿ. ಮೂಳೆಯಲ್ಲಿ ಸರಳಿನ ಕೆಲಸ ಮಾಡುವುದು ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು, ಸಿಮೆಂಟಿನ ಕೆಲಸ ಮಾಡುವುದು ಕ್ಯಾಲ್ಸಿಯಂ ಮತ್ತು ಫಾಸ್ಫೇಟಿನ ಹರಳುಗಳು. ನಮ್ಮ ದೇಹದ ಕ್ಯಾಲ್ಸಿಯಂನಲ್ಲಿ ಶೇಕಡಾ 99ರಷ್ಟು ಮೂಳೆ ಮತ್ತು ಹಲ್ಲುಗಳಲ್ಲೇ ಇದೆ. ಮಾಂಸಾಹಾರ ಮಾಡುವ ಮನೆಗಳಲ್ಲಿ ಒಂದು ಪ್ರಯೋಗ ಮಾಡಬಹುದು. ಕೋಳಿಕಾಲಿನ ಮೂಳೆಯನ್ನು ಚೆನ್ನಾಗಿ ತೊಳೆದು ವಿನೆಗರಿನಲ್ಲಿ ಮುಳುಗಿಸಿಡಿ. ನಡುವೆ ಒಮ್ಮೆ ವಿನೆಗರ್ ಬದಲಿಸಿ. ನಾಲ್ಕೈದು ದಿನಕ್ಕೆ ಹರಳುಗಳು ಕರಗಿ, ಮೂಳೆ ರಬ್ಬರಿನಂತೆ ಬಾಗುತ್ತದೆ. ಸಿಮೆಂಟ್ ಹೋಗಿ ಸರಳು ಮಾತ್ರ ಉಳಿದಿರುತ್ತದೆ.

ಈ ಕಟ್ಟಡದಲ್ಲಿ ಮೇಸ್ತ್ರಿಗಳ ಕೆಲಸ ಎಂದೂ ಮುಗಿಯುವುದಿಲ್ಲ. ಹಳೆಯ ಮೂಳೆಯನ್ನು ಕೆಡವುವ ಕೋಶಗಳಿಗೆ ಆಸ್ಟಿಯೋಕ್ಲಾಸ್ಟ್, ಹೊಸದನ್ನು ಕಟ್ಟುವ ಕೋಶಗಳಿಗೆ ಆಸ್ಟಿಯೋಬ್ಲಾಸ್ಟ್ ಎಂದು ಹೆಸರು. ನಾನು ಲ್ಯಾಬಿನಲ್ಲಿ ಬೆಳೆಸುವುದು ಈ ಕಟ್ಟುವವರನ್ನು. ದೊಡ್ಡವರ ಅಸ್ಥಿಪಂಜರ ಹೀಗೆ ಸುಮಾರು ಹತ್ತು ವರ್ಷಕ್ಕೊಮ್ಮೆ ಹೊಸದಾಗುತ್ತದೆ. ಮಕ್ಕಳಲ್ಲಿ ಕಟ್ಟುವವರ ಕೈ ಮೇಲು. ಇಪ್ಪತ್ತರ ಕೊನೆಯ ಹೊತ್ತಿಗೆ ಮೂಳೆ ತನ್ನ ಜೀವಮಾನದ ಗರಿಷ್ಠ ಗಟ್ಟಿತನ ಮುಟ್ಟುತ್ತದೆ. ಅದರ ಬಹುಪಾಲು ಹದಿಹರೆಯ ಮುಗಿಯುವುದರೊಳಗೇ ಜಮೆಯಾಗಿರುತ್ತದೆ. ಆಮೇಲೆ ಕೆಲವು ವರ್ಷ ಸಮಬಲ, ನಡುವಯಸ್ಸಿನ ನಂತರ ಕೆಡವುವವರೇ ಮುಂದೆ.

ಅಂದರೆ ನಿಮ್ಮ ಮಗಳು ಅರವತ್ತನೆಯ ವಯಸ್ಸಿನಲ್ಲಿ ಜಾರಿ ಬಿದ್ದಾಗ ಅವಳ ಸೊಂಟದ ಮೂಳೆ ತಡೆದೀತೇ ಎಂಬುದು ಒಂದಷ್ಟು ಮಟ್ಟಿಗೆ ಈಗ, ನಿಮ್ಮ ಅಡುಗೆಮನೆಯಲ್ಲಿ ಮತ್ತು ನಿಮ್ಮ ಮನೆ ಹತ್ತಿರದ ಆಟದ ಬಯಲಿನಲ್ಲಿ ತೀರ್ಮಾನವಾಗುತ್ತಿದೆ.

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂಬ ಗಾದೆಯನ್ನು ನಾವು ಬುದ್ಧಿಗೆ ಹೇಳುತ್ತೇವೆ. ಮೂಳೆಯ ವಿಷಯದಲ್ಲಿ ಅದು ಅಕ್ಷರಶಃ ನಿಜ. ಒಣ ಕಡ್ಡಿ ಲಟಕ್ಕನೆ ಮುರಿಯುತ್ತದೆ. ಹಸಿ ಕಡ್ಡಿ ಬಾಗಿ, ಒಂದು ಕಡೆ ಮಾತ್ರ ಸಿಗಿಯುತ್ತದೆ. ಮಕ್ಕಳ ಮೂಳೆ ಎಷ್ಟೋ ಸಲ ಹಾಗೆ ಅರೆಬರೆ ಮುರಿಯುತ್ತದೆ, ಬೇಗ ಕೂಡಿಕೊಳ್ಳುತ್ತದೆ. ಆದರೆ ಒಂದು ಎಚ್ಚರ. ಮಕ್ಕಳ ಉದ್ದ ಮೂಳೆಗಳ ತುದಿಯ ಹತ್ತಿರ ಮೃದು ಮೂಳೆಯ ತೆಳು ಪದರವಿರುತ್ತದೆ. ಮಗು ಉದ್ದ ಬೆಳೆಯುವುದು ಅಲ್ಲಿಂದಲೇ. ಹದಿಹರೆಯದ ಕೊನೆಯ ಹೊತ್ತಿಗೆ ಇವು ಹೆಚ್ಚಿನಂಶ ಗಟ್ಟಿಯಾಗಿ ಮುಚ್ಚುತ್ತವೆ, ಹುಡುಗಿಯರಲ್ಲಿ ಹುಡುಗರಿಗಿಂತ ಮೊದಲು. ಅಲ್ಲಿಯವರೆಗೆ ಈ ಪದರ ಅಕ್ಕಪಕ್ಕದ ನಾರುಗಳಿಗಿಂತ ದುರ್ಬಲ. ಆದ್ದರಿಂದ ಮಗು ಬಿದ್ದು ಕೀಲಿನ ಹತ್ತಿರ ನೋವು, ಊತ ಇದ್ದರೆ 'ಬರೀ ಉಳುಕು' ಎಂದು ಬಿಡಬೇಡಿ. ವೈದ್ಯರಿಗೆ ತೋರಿಸಿ.

ಅಡುಗೆಮನೆಯಲ್ಲಿ ಕೀಲುಗಳು

ಎರಡು ಮೂಳೆಗಳು ಸೇರುವ ಜಾಗವೇ ಕೀಲು. ಎಲ್ಲ ಕೀಲುಗಳೂ ಅಲ್ಲಾಡುವುದಿಲ್ಲ. ದೊಡ್ಡವರ ತಲೆಬುರುಡೆಯ ಕೀಲುಗಳು ಹಲ್ಲುಹಲ್ಲಾಗಿ ಹೊಂದಿಕೊಂಡು ಭದ್ರವಾಗಿ ಕೂತಿರುತ್ತವೆ. ಬೆನ್ನುಮಣಿಗಳ ನಡುವೆ ಮೆತ್ತೆಯಂಥ ಬಿಲ್ಲೆಗಳಿದ್ದು ಅಲ್ಲಿ ಸ್ವಲ್ಪ ಸ್ವಲ್ಪವೇ ಚಲನೆ. ಈ ಬಿಲ್ಲೆಗಳು ಹಗಲಿಡೀ ನಮ್ಮ ಭಾರಕ್ಕೆ ಒತ್ತಿ ತೆಳ್ಳಗಾಗಿ, ರಾತ್ರಿ ಮಲಗಿದಾಗ ಮತ್ತೆ ಉಬ್ಬುತ್ತವೆ. ಬೆಳಿಗ್ಗೆ ಎದ್ದ ಕೂಡಲೇ ಮತ್ತು ರಾತ್ರಿ ಮಲಗುವ ಮುಂಚೆ ಗೋಡೆಗೆ ನಿಲ್ಲಿಸಿ ಎತ್ತರ ಅಳೆದು ನೋಡಿ. ಅಪ್ಪ ಅಮ್ಮಂದಿರು ರಾತ್ರಿಗೆ ಸುಮಾರು ಒಂದು ಸೆಂಟಿಮೀಟರ್ ಕುಳ್ಳಗಾಗಿರುತ್ತೀರಿ! ನಮ್ಮ ಮನೆಯಲ್ಲಿ ಮಗನಿಗೆ ಇದು ಬಹಳ ಖುಷಿ ಕೊಟ್ಟ ಲೆಕ್ಕ.

ಮೂರನೆಯ ಬಗೆ, ಸರಾಗವಾಗಿ ಚಲಿಸುವ ಕೀಲುಗಳು. ಇಲ್ಲಿ ಮೂಳೆಯ ತುದಿಗಳಿಗೆ ನುಣುಪಾದ ಕಾರ್ಟಿಲೇಜಿನ ಹೊದಿಕೆ, ಸುತ್ತ ಒಂದು ಚೀಲ, ಚೀಲದೊಳಗೆ ಮೊಟ್ಟೆಯ ಬಿಳಿಯಂಥ ಜಾರು ದ್ರವ. ಇವುಗಳ ವಿಧಗಳನ್ನು ಹೇಳಲು ಅಜ್ಜಿಯ ಅಡುಗೆಮನೆಗಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಬೆರಳಿನ ಗೆಣ್ಣು ಬಾಗಿಲಿನ ತಿರುಗಣಿಯ ಹಾಗೆ. ಒಂದೇ ದಿಕ್ಕಿನಲ್ಲಿ ಮಡಚುತ್ತದೆ, ಬಿಚ್ಚುತ್ತದೆ. ಮಂಡಿಯೂ ಬಹುಮಟ್ಟಿಗೆ ಇದೇ ಜಾತಿ.

ಕತ್ತಿನ ಮೇಲ್ಭಾಗದ ಕೀಲು ರಾಗಿ ಬೀಸುವ ಕಲ್ಲಿನ ಹಾಗೆ. ಬೀಸುವ ಕಲ್ಲಿನಲ್ಲಿ ಕೆಳಗಿನ ಕಲ್ಲಿಗೆ ಒಂದು ಗೂಟವಿದ್ದು, ಮೇಲಿನ ಕಲ್ಲು ಅದರ ಸುತ್ತ ತಿರುಗುತ್ತದಲ್ಲವೇ? ಕತ್ತಿನ ಎರಡನೆಯ ಮಣಿಯಿಂದ ಹಾಗೇ ಒಂದು ಗೂಟ ಮೇಲೆದ್ದಿದೆ. ಮೊದಲನೆಯ ಮಣಿ ತಲೆಯನ್ನು ಹೊತ್ತು ಅದರ ಸುತ್ತ ತಿರುಗುತ್ತದೆ. 'ಊಟ ಬೇಡ' ಎಂದು ಮಗು ತಲೆಯಾಡಿಸುವುದು ಈ ಕೀಲಿನಿಂದ. ಪ್ರಸಾದಕ್ಕೆ ಕೈ ಒಡ್ಡುವಂತೆ ಅಂಗೈ ಮೇಲೆ ಮಾಡಿ, ಮತ್ತೆ ಕೆಳಗೆ ಮಾಡಿ. ಅದೂ ಇಂಥದೇ ತಿರುಗು ಕೀಲು. ನನ್ನ ಮಗಳಿಗೆ ಜಾರಿದ ಆ ಬಳೆಯೊಳಗೆ ರೇಡಿಯಸ್ಸಿನ ತಲೆ ತಿರುಗುವುದರಿಂದಲೇ ಇದು ಸಾಧ್ಯ.

ಸೊಂಟದ ಕೀಲು ರುಬ್ಬುವ ಕಲ್ಲಿನ ಹಾಗೆ. ಆಳವಾದ ಗುಳಿಯಲ್ಲಿ ದುಂಡು ಗುಂಡು ಕೂತು ಎಲ್ಲ ದಿಕ್ಕಿಗೂ ತಿರುಗುತ್ತದೆ. ಭುಜವೂ ಇದೇ ಬಗೆ, ಆದರೆ ಅದರ ಗುಳಿ ಆಳವಿಲ್ಲ, ತಟ್ಟೆಯ ಮೇಲಿಟ್ಟ ನಿಂಬೆಹಣ್ಣಿನಂತೆ. ಅದಕ್ಕೇ ಭುಜ ಅಷ್ಟು ಸಲೀಸಾಗಿ ಆಡುತ್ತದೆ, ಅಷ್ಟೇ ಸುಲಭವಾಗಿ ಕೀಲು ತಪ್ಪುತ್ತದೆ.

ಹಸುಗೂಸು ಇರುವವರು ಇಲ್ಲಿ ಗಮನಿಸಿ. ಹುಟ್ಟುವಾಗ ಸೊಂಟದ ಗುಳಿಯೂ ಆಳವಿಲ್ಲ. ತೊಡೆಮೂಳೆಯ ಗುಂಡು ಅಲ್ಲಿ ಸರಿಯಾಗಿ ಕೂತು ಒತ್ತುತ್ತಿದ್ದರೆ ಅದು ಆಳವಾಗಿ ಬೆಳೆಯುತ್ತದೆ. ಮಗುವನ್ನು ಬಟ್ಟೆಯಲ್ಲಿ ಸುತ್ತುವಾಗ ಕಾಲುಗಳನ್ನು ನೇರ ಮಾಡಿ ಬಿಗಿಯಾಗಿ ಕಟ್ಟಿದರೆ ಗುಂಡು ಜಾರುವ ಅಪಾಯ ಹೆಚ್ಚು. ಕಾಲುಗಳು ಕಪ್ಪೆಯ ಹಾಗೆ ಮಡಚಿ ಅಗಲಿಸಿಕೊಳ್ಳಲು ಸಡಿಲ ಬಿಡಿ. ಕುತ್ತಿಗೆ ನಿಂತ ಮಗುವನ್ನು ನಮ್ಮ ಹೆಂಗಸರು ಎರಡು ಕಾಲು ಅಗಲಿಸಿ ಸೊಂಟದ ಮೇಲೆ ಕೂರಿಸಿಕೊಂಡು ಓಡಾಡುತ್ತಾರಲ್ಲ, ಆ ಭಂಗಿ ಈ ಕೀಲಿಗೆ ಒಳ್ಳೆಯದು.

ಕೊನೆಗೆ ಹೆಬ್ಬೆರಳಿನ ಬುಡ. ಇದು ಕುದುರೆಯ ಬೆನ್ನಿನ ಮೇಲಿನ ಜೀನಿನ ಆಕಾರ. ಹಾಗಾಗಿ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳನ್ನೂ ಮುಟ್ಟಬಲ್ಲದು. ಹೆಬ್ಬೆರಳು ಬಳಸದೆ ಸಾರನ್ನ ಕಲಸಿ ತುತ್ತು ಬಾಯಿಗಿಡಲು ಮಕ್ಕಳಿಗೆ ಪಂದ್ಯ ಕಟ್ಟಿ. ಮೇಜು ಒರೆಸಲು ಬಟ್ಟೆ ಪಕ್ಕದಲ್ಲಿರಲಿ.

ಇನ್ನು ನೆಟಿಗೆ. ಅಜ್ಜಿ ದೃಷ್ಟಿ ತೆಗೆದು ಕೆನ್ನೆಯ ಪಕ್ಕ ಬೆರಳು ಒತ್ತಿ ಲಟಲಟ ಎನಿಸುವಾಗ ಮೂಳೆ ಸವೆಯುತ್ತದೆಯೇ? ಇಲ್ಲ. ಕೀಲನ್ನು ಹಿಗ್ಗಿಸಿದಾಗ ಒಳಗಿನ ಒತ್ತಡ ಇಳಿದು, ಆ ದ್ರವದಲ್ಲಿ ಕರಗಿದ್ದ ಅನಿಲ ಗುಳ್ಳೆಯಾಗುವುದಕ್ಕೂ ಆ ಶಬ್ದಕ್ಕೂ ಸಂಬಂಧವಿದೆ. ಅನಿಲ ಮತ್ತೆ ಕರಗಲು ಸುಮಾರು 20 ನಿಮಿಷ ಬೇಕು. ಅದಕ್ಕೇ ಅದೇ ಬೆರಳಿನ ನೆಟಿಗೆ ತಕ್ಷಣ ಮತ್ತೆ ಬರುವುದಿಲ್ಲ. ಅಮೆರಿಕದ ಡೊನಾಲ್ಡ್ ಅಂಗರ್ ಎಂಬ ವೈದ್ಯ ಐವತ್ತಕ್ಕೂ ಹೆಚ್ಚು ವರ್ಷ ಒಂದೇ ಕೈಯ ನೆಟಿಗೆ ಮುರಿದು, ಇನ್ನೊಂದನ್ನು ಹಾಗೇ ಬಿಟ್ಟು ಹೋಲಿಸಿದ. ಎರಡು ಕೈಯಲ್ಲೂ ಸಂಧಿವಾತ ಬರಲಿಲ್ಲ. ಆತನಿಗೆ 2009ರಲ್ಲಿ, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಬಹುಮಾನ ಬಂತು. ಒಬ್ಬನ ಅನುಭವ ಪೂರ್ತಿ ಪುರಾವೆಯಲ್ಲ ನಿಜ. ಆದರೂ ಅಜ್ಜಿ ನಿಶ್ಚಿಂತೆಯಿಂದ ದೃಷ್ಟಿ ತೆಗೆಯಬಹುದು.

ಬಿಸಿಲು, ರಾಗಿ, ಕುಂಟೆಬಿಲ್ಲೆ

ಹೊರದೇಶದಲ್ಲಿ ಮಕ್ಕಳನ್ನು ಬೆಳೆಸುವ ನಮಗೆ ಇದು ಬಹಳ ಮುಖ್ಯವಾದ ಭಾಗ. ತಿಂದ ಕ್ಯಾಲ್ಸಿಯಂ ಕರುಳಿನಿಂದ ದೇಹಕ್ಕೆ ಚೆನ್ನಾಗಿ ಇಳಿಯಲು ವಿಟಮಿನ್ ಡಿ ಬೇಕು. ಅದನ್ನು ಹೆಚ್ಚಾಗಿ ತಯಾರಿಸುವುದು ಬಿಸಿಲಿಗೆ ಒಡ್ಡಿದ ನಮ್ಮ ಚರ್ಮ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಲಂಡನ್ 51ರಲ್ಲಿ. ಅಕ್ಟೋಬರಿನಿಂದ ಮಾರ್ಚ್ ಆರಂಭದವರೆಗೆ ಇಲ್ಲಿನ ಬಿಸಿಲಿನಲ್ಲಿ ಅದಕ್ಕೆ ಬೇಕಾದ ಕಿರಣಗಳೇ ಸಾಲವು. ಕಪ್ಪು ಅಥವಾ ಕಂದು ಚರ್ಮದವರಿಗೆ ಬಿಳಿಯರಿಗಿಂತ ಹೆಚ್ಚು ಹೊತ್ತು ಬಿಸಿಲು ಬೇಕು. ಕಿಟಕಿಯ ಗಾಜಿನ ಹಿಂದೆ ಕೂತರೆ ಉಪಯೋಗವಿಲ್ಲ, ಗಾಜು ಆ ಕಿರಣಗಳನ್ನು ತಡೆಯುತ್ತದೆ. ಗಲ್ಫಿನಲ್ಲಿರುವವರು 'ನಮಗೆ ಬಿಸಿಲಿಗೇನು ಬರ' ಅನ್ನಬಹುದು. ಆದರೆ ಸೆಕೆಗೆ ಹೆದರಿ ಎಸಿಯೊಳಗೇ ಇರುವ ಮಕ್ಕಳಿಗೂ ಇದೇ ಕೊರತೆ ಕಾಡುತ್ತದೆ.

ವಿಟಮಿನ್ ಡಿ ತೀರಾ ಕಡಿಮೆಯಾದರೆ ಮೂಳೆಗೆ ಸಿಮೆಂಟ್ ಬೀಳುವುದಿಲ್ಲ, ಕಾಲು ಬಿಲ್ಲಿನಂತೆ ಬಾಗುತ್ತದೆ. ಇದೇ ರಿಕೆಟ್ಸ್. ಹೊಗೆ ತುಂಬಿದ ಇಲ್ಲಿನ ಊರುಗಳಲ್ಲಿ ಒಂದು ಕಾಲಕ್ಕೆ ಎಷ್ಟು ಸಾಮಾನ್ಯವಾಗಿತ್ತೆಂದರೆ ಜರ್ಮನರು ಇದನ್ನು 'ಇಂಗ್ಲಿಷ್ ರೋಗ' ಎಂದೇ ಕರೆಯುತ್ತಿದ್ದರು. ಅದು ಹೋಯಿತು ಅಂದುಕೊಳ್ಳುವಷ್ಟರಲ್ಲಿ, 1960ರ ದಶಕದಲ್ಲಿ ಗ್ಲಾಸ್ಗೊ ನಗರದ ವೈದ್ಯರು ದಕ್ಷಿಣ ಏಷ್ಯಾದಿಂದ ಬಂದ ಕುಟುಂಬಗಳ ಮಕ್ಕಳಲ್ಲಿ ಮತ್ತೆ ಕಂಡರು. ನಮ್ಮ ಹಾಗೆಯೇ ಕೆಲಸ ಹುಡುಕಿ ಬಂದವರ ಮಕ್ಕಳು ಅವರು. 1970ರ ದಶಕದ ಕೊನೆಯಲ್ಲಿ ಅಲ್ಲಿ ವಿಟಮಿನ್ ಡಿ ಹಂಚುವ ಅಭಿಯಾನ ನಡೆದ ಮೇಲೆ ಅದು ಇಳಿಯಿತು.

ಇಂದಿನ ಬ್ರಿಟನ್ನಿನ ಆರೋಗ್ಯ ಇಲಾಖೆಯ ಸಲಹೆ ಹೀಗಿದೆ. ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ ವರ್ಷಪೂರ್ತಿ ದಿನಕ್ಕೆ 10 ಮೈಕ್ರೋಗ್ರಾಂ, ಅಂದರೆ 400 ಐಯು, ವಿಟಮಿನ್ ಡಿ. ಎದೆಹಾಲಿನ ಕೂಸುಗಳಿಗೆ ಹುಟ್ಟಿದಾಗಿನಿಂದಲೇ 8.5ರಿಂದ 10 ಮೈಕ್ರೋಗ್ರಾಂ. ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಫಾರ್ಮುಲಾ ಹಾಲು ಕುಡಿಯುವ ಕೂಸಿಗೆ ಬೇಡ, ಅದರಲ್ಲೇ ಸೇರಿಸಿರುತ್ತಾರೆ. ಐದು ವರ್ಷ ದಾಟಿದವರೂ ದೊಡ್ಡವರೂ ಚಳಿಗಾಲದಲ್ಲಿ 10 ಮೈಕ್ರೋಗ್ರಾಂ ತೆಗೆದುಕೊಳ್ಳುವುದನ್ನು ಯೋಚಿಸಬೇಕು, ನಮ್ಮಂಥ ಚರ್ಮದವರು ವರ್ಷವಿಡೀ. ನೀವು ಬೇರೆ ದೇಶದಲ್ಲಿದ್ದರೆ ಅಲ್ಲಿನ ಮಕ್ಕಳ ವೈದ್ಯರನ್ನು ಕೇಳಿ. ಹೆಚ್ಚು ಕೊಟ್ಟಷ್ಟೂ ಒಳ್ಳೆಯದಲ್ಲ. ಇದು ದೇಹದಲ್ಲಿ ಉಳಿದು ತೊಂದರೆ ಕೊಡಬಲ್ಲ ವಿಟಮಿನ್.

ಕ್ಯಾಲ್ಸಿಯಂಗೆ ಹಾಲು, ಮೊಸರು ಇದ್ದೇ ಇವೆ. ಇಲ್ಲಿನ ಲೆಕ್ಕದಲ್ಲಿ ನಾಲ್ಕರಿಂದ ಆರು ವರ್ಷದ ಮಗುವಿಗೆ ದಿನಕ್ಕೆ 450 ಮಿಲಿಗ್ರಾಂ ಬೇಕು. 100 ಮಿಲಿಲೀಟರ್ ಹಾಲಿನಲ್ಲಿ ಸುಮಾರು 120 ಸಿಗುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಇದೆ. ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಅದರಲ್ಲಿ ಒಂದಷ್ಟನ್ನು ದೇಹಕ್ಕೆ ಸೇರದಂತೆ ಹಿಡಿದುಕೊಳ್ಳುತ್ತದೆ. ರಾಗಿಯನ್ನು ನೆನೆಸಿ ಮೊಳಕೆ ಕಟ್ಟಿದರೆ ಫೈಟೇಟ್ ಕಡಿಮೆಯಾಗುತ್ತದೆ. ಮೊಳಕೆ ಕಟ್ಟಿಸಿ, ಒಣಗಿಸಿ, ಹುರಿದು ಬೀಸಿ ಕೂಸಿಗೆ ರಾಗಿ ಸರಿ ಮಾಡುತ್ತಿದ್ದವರ ಕೆಲಸ ದಂಡವಲ್ಲ. ಓಟ್ಸ್ ಅಥವಾ ಬಾದಾಮಿ ಹಾಲು ಕೊಡುವವರು ಡಬ್ಬಿಯ ಮೇಲೆ ಕ್ಯಾಲ್ಸಿಯಂ ಸೇರಿಸಿದೆಯೇ ಎಂದು ನೋಡಿ. ಅದು ತಳದಲ್ಲಿ ಕೂರುವುದರಿಂದ ಅಲುಗಾಡಿಸಿ ಬಗ್ಗಿಸಿ.

ಮೂರನೆಯದು ನೆಗೆತ. ಮೂಳೆ ತನ್ನ ಮೇಲೆ ಬೀಳುವ ಹೊರೆಗೆ ತಕ್ಕಂತೆ ಗಟ್ಟಿಯಾಗುತ್ತದೆ ಎಂದು ಜರ್ಮನ್ ವೈದ್ಯ ಜೂಲಿಯಸ್ ವೂಲ್ಫ್ 1892ರಲ್ಲೇ ಬರೆದ. ಟೆನಿಸ್ ಆಟಗಾರರ ಬ್ಯಾಟು ಹಿಡಿಯುವ ತೋಳಿನ ಮೂಳೆ ಇನ್ನೊಂದಕ್ಕಿಂತ ದಪ್ಪ. ಭಾರವೇ ಇಲ್ಲದ ಅಂತರಿಕ್ಷದಲ್ಲಿ ಗಗನಯಾತ್ರಿಗಳು ಸೊಂಟ ಮತ್ತು ಬೆನ್ನಿನ ಮೂಳೆಯ ಸುಮಾರು ಶೇಕಡಾ 1ರಷ್ಟನ್ನು ತಿಂಗಳು ತಿಂಗಳೂ ಕಳೆದುಕೊಳ್ಳುತ್ತಾರೆ. ಈಜು, ಸೈಕಲ್ ಹೃದಯಕ್ಕೆ ಒಳ್ಳೆಯದು. ಮೂಳೆಗೆ ಬೇಕಾದ ಪೆಟ್ಟು ಸಿಗುವುದು ಓಟ, ಸ್ಕಿಪ್ಪಿಂಗ್, ಕುಂಟೆಬಿಲ್ಲೆಯಂಥ ಆಟಗಳಲ್ಲಿ. ಒಂದು ಸೀಮೆಸುಣ್ಣ, ಒಂದು ಬಿಲ್ಲೆ ಸಾಕು. ನೀವು ಹೇಳಿಕೊಡದೆ ನಿಮ್ಮ ಮಗುವಿಗೆ ಅದು ಬರುವುದಿಲ್ಲ, ಅಷ್ಟೇ.

ನೆನಪಿಟ್ಟುಕೊಳ್ಳಿ

ಐದು ವರ್ಷದೊಳಗಿನ ಮಗುವನ್ನು ಎತ್ತುವಾಗ ಎರಡೂ ಕಂಕುಳಡಿ ಕೈ ಹಾಕಿ ಎತ್ತಿ. ಬೆರಳು, ಮಣಿಕಟ್ಟು, ಮುಂಗೈ ಹಿಡಿದು ಎತ್ತಬೇಡಿ, ತೂಗಬೇಡಿ. ಡೇಕೇರ್‌ನವರಿಗೆ, ಊರಿಂದ ಬಂದ ನೆಂಟರಿಗೆ, ಅಣ್ಣ ಅಕ್ಕಂದಿರಿಗೂ ಇದನ್ನು ಹೇಳಿ. ಒಮ್ಮೆ ಜಾರಿದ ಮೊಣಕೈ ಕೆಲವು ಮಕ್ಕಳಲ್ಲಿ ಮತ್ತೆ ಜಾರುತ್ತದೆ. ಎಳೆದಾಟದ ನಂತರ ಮಗು ಒಂದು ಕೈ ಬಳಸದಿದ್ದರೆ ಅದೇ ದಿನ ತೋರಿಸಿ. ಕೈಕಾಲು ಸೊಟ್ಟಗಾಗಿದ್ದರೆ, ಊದಿದ್ದರೆ, ಬೆರಳು ತಣ್ಣಗಾಗಿ ಬಣ್ಣ ಬದಲಾಗಿದ್ದರೆ ತುರ್ತು ವಿಭಾಗಕ್ಕೆ ಹೋಗಿ.

ಆ ರಾತ್ರಿ ಮಗಳು ಆರಾಮಾಗಿ ಮಲಗಿದಳು. ನಿದ್ದೆ ಬಾರದಿದ್ದುದು ನನಗೆ. ಅಮ್ಮನಿಗೆ ಫೋನ್ ಮಾಡಿ ಎಲ್ಲ ಸರಿಹೋಯಿತು ಅಂದೆ. "ನೀನೂ ಒಂದ್ಸಲ ಹಿಂಗೇ ಕೂತಿದ್ದೆ, ನಿಮ್ಮಪ್ಪ ಬಸ್ಸಿಗೆ ಅರ್ಜೆಂಟಾಗಿ ಎಳ್ಕೊಂಡು ಹೋಗಿದ್ರು" ಅಂದಳು. ಮೂವತ್ತು ವರ್ಷ ಈ ಮಾತು ಹೇಳಿರಲಿಲ್ಲ. ಅಪ್ಪನ ಮೇಲೆ ತಪ್ಪು ಹೊರಿಸುವುದು ಬೇಡ ಅಂತಿರಬೇಕು.

ಹೋದ ವಾರ ಮತ್ತೆ ಅದೇ ಪಾರ್ಕು, ಅದೇ ದಾರಿ. ಮಗಳು ಎರಡೂ ಕೈ ಚಾಚಿ "ಒಂದು, ಎರಡು..." ಶುರು ಮಾಡಿದಳು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಹಿಂದಿನಿಂದ ಮಗ ಕೂಗಿದ, "ಅಪ್ಪಾ, ಕೈಯಲ್ಲ! ಕಂಕುಳು, ಕಂಕುಳು!" ಅವನ ಅಪ್ಪ ಬಗ್ಗಿ ಅವಳನ್ನು ಕಂಕುಳಡಿ ಹಿಡಿದು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. ಅವಳಿಗೆ ಇನ್ನೂ ಎತ್ತರ ಸಿಕ್ಕಿತು, ನಗುವಿಗೇನೂ ಕಡಿಮೆಯಾಗಲಿಲ್ಲ.

ನಿಮ್ಮ ಮಕ್ಕಳು ಕೇಳಿ ನಿಮ್ಮನ್ನು ಪೇಚಿಗೆ ಸಿಕ್ಕಿಸಿದ ಪ್ರಶ್ನೆಗಳಿದ್ದರೆ ಬರೆದು ಕಳಿಸಿ. ಮುಂದಿನ ತಿಂಗಳು ಮತ್ತೆ ಸಿಗೋಣ.